ಕೊಲಾಯ್ಡಲ್ ಸಿಲ್ವರ್ ಮಾಡುವಾಗ ಅಲ್ಟ್ರಾಸಾನಿಕ್ ಕ್ಲೀನರ್ ಬೇಕೇ?

ಕೊಲಾಯ್ಡಲ್ ಸಿಲ್ವರ್ ಎಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು; ಜಾಡಿಯ ಡಿಸ್ಟಿಲ್ಡ್ ನೀರಿನಲ್ಲಿ ಬೆಳ್ಳಿ ತಂತಿಗಳನ್ನು ಇಳಿಸಿ ಕರೆಂಟ್ ಹಾಯಿಸಿ ಇದನ್ನು ಮಾಡುತ್ತಾರೆ. ಶಬ್ದದ ಅಲೆಯಿಂದ ಒಡವೆ, ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಕ್ಲೀನರ್‌ನೊಳಗೆ ಜಾಡಿ ಇಟ್ಟು ಕರೆಂಟ್ ಹಾಯಿಸಿದರೆ ಬೆಳ್ಳಿಯ ಕಣಗಳು ಇನ್ನಷ್ಟು ಸಣ್ಣದಾಗುತ್ತವೆಯೇ ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಆ ಯಂತ್ರದ ಕೆಲಸ ಕರೆಂಟ್ ಹಾಕುವ ಮೊದಲೇ ಮುಗಿಯಬೇಕು.

ಹಿಂದಿನ ಸಲದ ಬೆಳ್ಳಿ ತಂತಿಗಳ ಮೇಲೆ ಕಪ್ಪು ಆಕ್ಸೈಡ್ ಕೂತಿರುತ್ತದೆ. ಅದು ಉದುರಿದರೆ ದ್ರಾವಣ ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲು ತಂತಿಯನ್ನು ಬಟ್ಟೆಯಿಂದ ಒರೆಸಿ. ಆಮೇಲೆ ಡಿಸ್ಟಿಲ್ಡ್ ನೀರು ತುಂಬಿದ ಗಾಜಿನ ಬೀಕರಿನಲ್ಲಿ ಮುಳುಗಿಸಿ, ಬೀಕರನ್ನು ಕ್ಲೀನರಿನ ತೊಟ್ಟಿಯ ತಳಕ್ಕೆ ತಾಗದಂತೆ ತೂಗುಬಿಡಿ. ಹೊರಗಿನ ತೊಟ್ಟಿಗೆ ನಲ್ಲಿ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಐದು ನಿಮಿಷ ಓಡಿಸಿ, ಬೀಕರಿನ ನೀರು ಚೆಲ್ಲಿ, ಇನ್ನೊಮ್ಮೆ ಓಡಿಸಿ. ಕೊನೆಗೆ ಜಾಲಿಸುವುದಕ್ಕೂ ಡಿಸ್ಟಿಲ್ಡ್ ನೀರೇ ಬೇಕು. ಮನೆಯ ಆರ್‌ಒ ನೀರಿನಲ್ಲೂ ಕ್ಲೋರೈಡ್ ಉಳಿದಿರುತ್ತದೆ, ಅದು ಬೆಳ್ಳಿಯೊಂದಿಗೆ ಸೇರಿ ಹಾಲಿನಂಥ ಮಬ್ಬು ಕಟ್ಟಿಸುತ್ತದೆ. ಗಾಜಿಗೆ ಕನ್ನಡಿಯಂತೆ ಅಂಟಿದ ಬೆಳ್ಳಿ ಮಾತ್ರ ಈ ಯಂತ್ರಕ್ಕೆ ಜಗ್ಗುವುದಿಲ್ಲ. ಆ ಜಾಡಿಯನ್ನು ಬದಲಿಸಿಬಿಡಿ.

ಕರೆಂಟ್ ಹರಿಯುವಾಗ ಯಾಕೆ ಬೇಡ? ಎಷ್ಟು ಬೆಳ್ಳಿ ಕರಗುತ್ತದೆ ಎಂಬುದನ್ನು ನಿರ್ಧರಿಸುವುದು ಕರೆಂಟ್: 1 ಮಿಲಿಆಂಪ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ 4 ಮಿಲಿಗ್ರಾಂ. ಒಂದು ಲೀಟರ್ ನೀರಿಗೆ 5 ಮಿಲಿಆಂಪ್ ಒಂದು ಗಂಟೆ ಕೊಟ್ಟರೆ 20 ಪಿಪಿಎಂ (ಇಲ್ಲಿ ಲೀಟರಿಗೆ ಮಿಲಿಗ್ರಾಂ) ದಾಟಲಾರದು. ಹೀಗೆ ಕರಗಿದ್ದರಲ್ಲಿ ಬಹುಪಾಲು ಅಯಾನು, ಅಂದರೆ ವಿದ್ಯುದಾವೇಶವಿರುವ ಬಿಡಿ ಪರಮಾಣು, ಕಣವೇ ಅಲ್ಲ. ಕಣವೇ ಇಲ್ಲದ ಕಡೆ ಶಬ್ದ ಒಡೆಯುವುದಾದರೂ ಏನನ್ನು? ಅಯಾನು ಕಣವಾಗಲು ಸಿಟ್ರೇಟ್‌ನಂಥ ಅಪಕರ್ಷಕ (ಎಲೆಕ್ಟ್ರಾನ್ ಕೊಡುವ ವಸ್ತು) ಬೇಕು. ಕಣ ಒಡೆಯುವ ಬದಲು ಯಂತ್ರದ 40 ಕಿಲೋಹರ್ಟ್ಸ್ ಅಲೆಯಲ್ಲಿ ಹುಟ್ಟಿ ಸಿಡಿಯುವ ಗುಳ್ಳೆಗಳು ತಂತಿಯ ಮೇಲಿನ ಸಡಿಲ ಪದರವನ್ನೇ ಚೂರುಚೂರಾಗಿ ಕೆಡವುತ್ತವೆ, ನೀರೂ ಬಿಸಿಯಾಗುತ್ತದೆ. ಮೆಲ್ಲಗೆ ಕಲಕುವ ಮ್ಯಾಗ್ನೆಟಿಕ್ ಸ್ಟಿರರ್ ಇಲ್ಲಿ ಎಷ್ಟೋ ಮೇಲು.

ನೀರಿನಲ್ಲಿ ಕರಗಿದ್ದನ್ನು ಅಂದಾಜಿಸುವ ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು, ಕಣಗಳನ್ನಲ್ಲ. ಕಣ ಇದೆಯೇ ಎಂದು ನೋಡಲು ಕತ್ತಲಲ್ಲಿ ಲೇಸರ್ ಪಾಯಿಂಟರ್ ಹಾಯಿಸಿ, ಬೆಳಕಿನ ಗೆರೆ ಕಾಣಬೇಕು.

ಇಷ್ಟೆಲ್ಲ ಹೇಳಿದ್ದು ಪ್ರಯೋಗಕ್ಕೆ. ಎಷ್ಟೇ ಶುದ್ಧವಾಗಿ ಮಾಡಿದರೂ ದಯವಿಟ್ಟು ಇದನ್ನು ಕುಡಿಯಬೇಡಿ, ಮಕ್ಕಳಿಗೂ ಕೊಡಬೇಡಿ. ಕೊಲಾಯ್ಡಲ್ ಸಿಲ್ವರ್ ಇರುವ, ವೈದ್ಯರ ಚೀಟಿ ಇಲ್ಲದೆ ಮಾರುವ ಔಷಧಗಳು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ತೀರ್ಪು ಕೊಟ್ಟಿದೆ. ದೇಹದಲ್ಲಿ ಬೆಳ್ಳಿ ಸೇರುತ್ತಾ ಹೋದರೆ ಚರ್ಮ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ಆರ್ಜೀರಿಯಾ ಎನ್ನುವ ಆ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ಥೈರಾಯ್ಡ್‌ಗೆ ಥೈರಾಕ್ಸಿನ್ ನುಂಗುವವರಲ್ಲಿ ಆ ಮಾತ್ರೆ ಮೈಗೆ ಹತ್ತುವುದನ್ನೂ ಇದು ಕುಗ್ಗಿಸಬಲ್ಲದು.