ಬೀರುವಿನ ಹಿಡಿಯ ಮೇಲಿನ ಹೆಬ್ಬೆರಳು

ಬ್ರಷ್‌ನಿಂದ ಕಪ್ಪು ಪುಡಿ ಸವರುತ್ತ ಹೋದಂತೆ ಬೀರುವಿನ ಹಿಡಿಯ ಮೇಲೆ ಹೆಬ್ಬೆರಳೊಂದು ಮೂಡಿತು. ನನ್ನದೇ ಇರಬೇಕು ಅಂದೆ. ಹನ್ನೊಂದು ವರ್ಷದಿಂದ ದಿನಾ ಆ ಬೀರು ತೆಗೆಯುವವನು ನಾನೇ.

ನಮ್ಮ ಸಹಕಾರ ಸಂಘದಲ್ಲಿ ಅಡವಿಟ್ಟಿದ್ದ ಚಿನ್ನದ ಪೊಟ್ಟಣವೊಂದು ಕಾಣೆಯಾಗಿತ್ತು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಅಂದಮೇಲೆ ಒಳಗಿನವರದೇ ಕೆಲಸ. ಕೀ ಇರುವುದು ನನ್ನ ಹತ್ತಿರ.

ಸ್ಟೇಷನ್ನಿನಲ್ಲಿ ಪೇದೆ ನನ್ನ ಒಂದೊಂದೇ ಬೆರಳು ಹಿಡಿದು ಮಸಿ ಹಚ್ಚಿ, ಹಾಳೆಯ ಮೇಲೆ ಉರುಳಿಸಿದರು. "ಕೈ ಸಡಿಲ ಬಿಡಿ ಸಾರ್, ಬಿಗಿ ಹಿಡಿದ್ರೆ ಸರಿಯಾಗಿ ಬರಲ್ಲ." ಸಡಿಲ ಬಿಡಲು ಆದರೆ ತಾನೆ! ಆ ಮಸಿ ಸೋಪಿಗೆ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯಿತು. ರಾತ್ರಿ ಅದೇ ಕೈಯಲ್ಲಿ ಅನ್ನ ಕಲಸಿದೆ, ಗಂಟಲಲ್ಲಿ ಇಳಿಯಲಿಲ್ಲ.

ಅಚ್ಚು ತಾಳೆಯಾಯಿತು. "ಸೈನ್ಸೇ ಹೇಳ್ತಿದೆಯಲ್ರೀ, ಇನ್ನೇನು?" ಎಂದರು ಸಾಹೇಬರು. ಬೆರಳು ಯಾರದೆಂದು ಅಚ್ಚು ಹೇಳೀತು. ಮುಟ್ಟಿದ್ದು ಸೋಮವಾರವೋ ಶನಿವಾರವೋ, ಕದಿಯಲೋ ಕೆಲಸಕ್ಕೋ ಎಂದು ಹೇಳದು. ಪುಡಿಯ ಡಬ್ಬಿ ಮುಚ್ಚುತ್ತಾ ಬೆರಳಚ್ಚಿನವರೇ ಹೀಗೆಂದಿದ್ದರು: "ಯಾವತ್ತಿಂದು ಅಂತ ಹೇಳಕ್ಕಾಗಲ್ಲ." ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಮೂರು ದಿನ ಬೆಂಚಿನ ಮೇಲೆ ಕೂತೆ.

ಆಮೇಲೆ ಬ್ರ್ಯಾಂಡನ್ ಮೇಫೀಲ್ಡ್ ಎಂಬ ಅಮೆರಿಕದ ವಕೀಲರ ಕಥೆ ಓದಿದೆ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಬಾಂಬ್ ಸಿಡಿಸುವ ಡಿಟೋನೇಟರ್ ಇದ್ದ ಚೀಲದ ಮೇಲಿನ ಅಚ್ಚು ಅವರದೇ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತಜ್ಞರು ಹೇಳಿದರು. ಕೋರ್ಟು ನೇಮಿಸಿದ ತಜ್ಞರೂ ಹೌದೆಂದರು! ಎರಡು ವಾರ ಜೈಲು. ಕೊನೆಗೆ ಸ್ಪೇನ್ ಪೊಲೀಸರು ಆ ಅಚ್ಚು ಅಲ್ಜೀರಿಯಾದವನೊಬ್ಬನದು ಎಂದ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು. ಅವರ ವಿಷಯದಲ್ಲಿ ಅಚ್ಚು ತಾಳೆ ಹಾಕಿದ್ದೇ ತಪ್ಪು. ನನ್ನದು ತಾಳೆ ಸರಿಯೇ, ಅದಕ್ಕೆ ಹಚ್ಚಿದ ಅರ್ಥ ತಪ್ಪು.

ಎರಡು ತಿಂಗಳಾದ ಮೇಲೆ ಅಜ್ಜಿಯೊಬ್ಬರು ಒಡವೆ ಬಿಡಿಸಿಕೊಳ್ಳಲು ಬಂದರು. ಸೀಲ್ ಮಾಡಿದ ಲಕೋಟೆ ಕತ್ತರಿಸಿದರೆ ಒಳಗೆ ಎರಡು ಪೊಟ್ಟಣ. ಅಜ್ಜಿ ಒಂದು ಸರವನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿ, "ಇದು ನಂದಲ್ಲ ಕಣಪ್ಪ" ಅಂದರು. ಪೊಲೀಸರು ಲಕೋಟೆಗಳನ್ನು ಎಣಿಸಿದ್ದರಷ್ಟೆ, ಬಿಚ್ಚಿಸಿರಲಿಲ್ಲ. ಅದರೊಳಗೆ ಸೇರಿಸಿದ್ದು ಯಾರೋ, ನಾನೇ ಇದ್ದರೂ ಇರಬಹುದು.

ಕೇಸು ಮುಗಿಯಿತು. ನನ್ನ ಹತ್ತು ಬೆರಳಿನ ಹಾಳೆ ವಾಪಸ್ ಕೊಡ್ತೀರಾ ಎಂದು ಕೇಳಿದೆ. "ಇರ್ಲಿ ಬಿಡಿ ಸಾರ್, ಫೈಲಲ್ಲಿರುತ್ತೆ" ಎಂದು ಪೇದೆ ನಕ್ಕರು.