ಚಟ ಬಿಡಲಾಗದ ಸಂತ

ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿದ್ದಾಗ ಒಂದು ಸಂಜೆ ನಾನು ಮತ್ತೆ ಕುಡಿದೆ. ಆ ಸಂಜೆಗಿಂತ ಹೆಚ್ಚಾಗಿ ನನ್ನನ್ನು ಹಾಳುಮಾಡಿದ್ದು ಮರುದಿನದ ನಾಚಿಕೆ. ಯಾವ ಮುಖ ಹೊತ್ತು ವ್ಯಸನಮುಕ್ತರ ಸಭೆಗೆ ಹೋಗಲಿ ಎಂದುಕೊಂಡು ಆರು ವಾರ ಮನೆಯಲ್ಲೇ ಉಳಿದೆ, ಉಳಿದಷ್ಟು ದಿನವೂ ಕುಡಿದೆ. ಕ್ಯಾಥೋಲಿಕ್ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರ ಬದುಕನ್ನು ಓದಿದ್ದು ಆ ದಿನಗಳಲ್ಲಿಯೇ.

1834ರಲ್ಲಿ ಚೀನಾದ ಈಗಿನ ಹೆಬೈ ಪ್ರಾಂತ್ಯದಲ್ಲಿ ಹುಟ್ಟಿದ ಅವರು ವೈದ್ಯರಾಗಿದ್ದರು. ಬಡವರಿಂದ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದರು. ತಮ್ಮ ಹೊಟ್ಟೆಯ ಕಾಯಿಲೆಗೆ ಔಷಧಿಯೆಂದು ತೆಗೆದುಕೊಂಡ ಅಫೀಮು ಅವರನ್ನು ಮತ್ತೆ ಬಿಡಲೇ ಇಲ್ಲ. ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಯಲ್ಲಿ ಪ್ರತಿ ಸಲವೂ ಅದೇ ಪಾಪವನ್ನು ಹೇಳುತ್ತಿದ್ದ ಅವರಿಗೆ, ಚಟ ಬಿಡುವವರೆಗೂ ಬರಬೇಡಿರೆಂದು ಚರ್ಚಿನ ಗುರುಗಳು ಹೇಳಿಬಿಟ್ಟರು. ತಿದ್ದಿಕೊಳ್ಳುವ ಸಂಕಲ್ಪವಿಲ್ಲದ ಪಶ್ಚಾತ್ತಾಪಕ್ಕೆ ಕ್ಷಮೆ ಸಲ್ಲದೆಂಬುದು ಕ್ಯಾಥೋಲಿಕ್ ಧರ್ಮಸಭೆಯ ಬೋಧನೆ. ಆದರೆ ಸಂಕಲ್ಪವಿದ್ದೂ ಸೋಲುವುದೇ ಚಟವೆಂಬ ಈ ರೋಗದ ಲಕ್ಷಣವೆಂಬುದು ಆ ಗುರುಗಳಿಗೆ ಕಾಣಲಿಲ್ಲ. ಅವರನ್ನು ನಾನು ದೂರುವುದಿಲ್ಲ. ನನಗೂ ಅದು ಬಹಳ ತಡವಾಗಿಯೇ ತಿಳಿಯಿತು.

ಕ್ಷಮೆ ಸಿಗದ ಕಾರಣ, ಸುಮಾರು ಮೂವತ್ತು ವರ್ಷ ಮಾರ್ಕ್ ಅವರಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸಿಗಲಿಲ್ಲ. ಆದರೂ ಅವರು ದೇವಾಲಯವನ್ನು ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ವಿದೇಶಿಯರ ಮತ್ತು ಕ್ರೈಸ್ತರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ಮಗ, ಸೊಸೆಯಂದಿರು, ಮೊಮ್ಮಕ್ಕಳೊಡನೆ ಸೆರೆಯಾದಾಗ, ತಮ್ಮವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತಮ್ಮನ್ನು ಎಲ್ಲರಿಗಿಂತ ಕೊನೆಗೆ ಕೊಲ್ಲುವಂತೆ ಬೇಡಿಕೊಂಡರು. 2000ನೇ ಇಸವಿಯ ಅಕ್ಟೋಬರ್ 1ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಚೀನಾದ 120 ಹುತಾತ್ಮರನ್ನು ಸಂತರೆಂದು ಘೋಷಿಸಿದಾಗ ಅವರಲ್ಲಿ ಈ ವೈದ್ಯರೂ ಇದ್ದರು.

ಅವರ ಕಥೆ ಹೇಳುವವರು ಸಾಮಾನ್ಯವಾಗಿ ಈ ಮರಣದ ಕಡೆಗೇ ಧಾವಿಸುತ್ತಾರೆ. ನನಗೆ ಬೇಕಾದದ್ದು ಅದಲ್ಲ. ಕತ್ತಿಯ ಮುಂದೆ ನಿಲ್ಲುವ ಪ್ರಸಂಗ ನನಗೆ ಬಂದಿಲ್ಲ. ಆದರೆ ಸೋತವನೆಂದು ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ಮತ್ತೆ ನಡೆದುಹೋಗುವ ಪ್ರಸಂಗ ಪ್ರತಿ ವಾರವೂ ಬರುತ್ತದೆ, ಅದನ್ನು ಅವರು ಮೂವತ್ತು ವರ್ಷ ಮಾಡಿದರು. ಅವರು ಚಟವನ್ನು ಗೆದ್ದ ದಾಖಲೆಯಿಲ್ಲ. ಗೆದ್ದವರ ಕಥೆಗಳು ಆ ಆರು ವಾರಗಳಲ್ಲಿ ನನ್ನನ್ನು ಇನ್ನಷ್ಟು ಕುಗ್ಗಿಸಿದ್ದವು. (ಇದನ್ನು ಚಿಕಿತ್ಸೆ ಬೇಡವೆನ್ನುವುದಕ್ಕೆ ನೆಪವಾಗಿಸಬಾರದು. ಅವರಿಗೆ ಸಿಗದ ವೈದ್ಯರೂ ಮಾತ್ರೆಗಳೂ ನನಗೆ ಸಿಕ್ಕಿವೆ, ಎರಡನ್ನೂ ಬಿಟ್ಟಿಲ್ಲ.)

ಏಳನೆಯ ವಾರ ಸಭೆಗೆ ಹೋದೆ. ಕುಡಿಯದೆ ಎಷ್ಟು ದಿನವಾಯಿತೆಂದು ಸರದಿಯಂತೆ ಎಲ್ಲರೂ ಹೇಳುತ್ತಿದ್ದರು. ನನ್ನ ಸರದಿ ಬಂದಾಗ, ಇವತ್ತು ಬೆಳಗಿನಿಂದ ಎಂದೆ.