ಕಿರೀಟ ಹೊಳೆಯುತ್ತೆ, ಮುಖ ಕಪ್ಪು: ಮಕ್ಕಳ ಯಕ್ಷಗಾನದ ಫೋಟೋ

ಮಾಟುಂಗದ ಮೈಸೂರು ಅಸೋಸಿಯೇಷನ್ ಆಗಲಿ, ಮುಂಬಯಿಯ ಇನ್ಯಾವುದೇ ಸಭಾಗೃಹವಾಗಲಿ, ಮಕ್ಕಳ ಯಕ್ಷಗಾನ ಮುಗಿದ ರಾತ್ರಿ ವಾಟ್ಸಾಪ್ ಗುಂಪಿಗೆ ಬಂದು ಬೀಳುವ ಫೋಟೋಗಳು ಎರಡೇ ಬಗೆ. ಒಂದರಲ್ಲಿ ಕಿರೀಟ ಥಳಥಳ, ಮುಖ ಕಪ್ಪು. ಇನ್ನೊಂದರಲ್ಲಿ ಮುಖ ಸುಣ್ಣ ಬಳಿದ ಗೋಡೆ.

ಎರಡಕ್ಕೂ ಕಾರಣ ಬೆಳಕು ಬೀಳುವ ರೀತಿ. ದೀಪಗಳು ನೆತ್ತಿಯ ಮೇಲೆ. ಕಿರೀಟದ ಅಂಚಿನ ನೆರಳು ನೇರ ಕಣ್ಣಿನ ಮೇಲೆ. ಕಿರೀಟದ ಬೇಗಡೆಯ (ಹೊಳೆಯುವ ತೆಳು ಹಾಳೆಯ) ಹೊಳಪನ್ನು ಲೆಕ್ಕಕ್ಕೆ ಹಿಡಿದರೆ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ, ಹಿಂದಿನ ಕಪ್ಪು ಪರದೆಯನ್ನು ಹಿಡಿದರೆ ಬೆಳ್ಳಗಾಗಿಸುತ್ತದೆ. ಆದ್ದರಿಂದ ಆಟೋ ಬಿಡಿ. ಮ್ಯಾನ್ಯುಯಲ್‌ನಲ್ಲಿ ಎಫ್/2.8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಶಟರ್ 1/250 ಸೆಕೆಂಡ್, ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಇಟ್ಟು ಶುರು ಮಾಡಿ. ಪೂರ್ವರಂಗದಲ್ಲಿ (ಕಥೆಗೆ ಮೊದಲಿನ ಭಾಗದಲ್ಲಿ) ನಾಲ್ಕು ಫೋಟೋ ತೆಗೆದು, ಕ್ಯಾಮೆರಾದ ಪರದೆಯ ಮೇಲೆ ಕೆನ್ನೆಯನ್ನು ದೊಡ್ಡದು ಮಾಡಿ ನೋಡಿ, ಐಎಸ್‌ಒ ಮಾತ್ರ ಹೆಚ್ಚುಕಡಿಮೆ ಮಾಡಿ. ಬೇಗಡೆ ಅಲ್ಲಲ್ಲಿ ಬರೀ ಬಿಳಿಯಾಗಿ ಉರಿದುಹೋದರೂ ಚಿಂತೆಯಿಲ್ಲ, ಕೆನ್ನೆ ಉರಿಯಬಾರದು. ಐಎಸ್‌ಒ 6400ಕ್ಕೆ ಹೋಗಲು ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ತಕ್ಕಮಟ್ಟಿಗೆ ಸರಿಪಡಿಸಬಹುದು, ಅಲುಗಿದ ಮುಖವನ್ನು ಯಾರೂ ಸರಿಪಡಿಸಲಾರರು.

ಕೆಂಪು ದೀಪ ಬಂದಾಗ ಇನ್ನೊಂದು ಮೋಸ. ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ನಕ್ಷೆ) ಸರಿಯಾಗೇ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಒಂದೇ ತುಂಬಿ ತುಳುಕಿ ಮೂಗು, ತುಟಿ, ಕೆನ್ನೆ ಎಲ್ಲ ಒಂದೇ ಮುದ್ದೆ. ಒಂದು ಸ್ಟಾಪ್ ಇಳಿಸಿ (ಬೆಳಕು ಅರ್ಧಕ್ಕೆ), ಸಂಸ್ಕರಿಸದ ರಾ ಫೈಲ್‌ನಲ್ಲಿ ತೆಗೆಯಿರಿ. ರಾಕ್ಷಸನ ಪ್ರವೇಶಕ್ಕೆ ಕೆಂಪು ಸುರಿಯದೆ ಲೈಟಿನವರಿಗೆ ಸಮಾಧಾನವಿಲ್ಲ; ಹಾಗಾಗಿ ಮೊದಲೇ ಸಿದ್ಧವಾಗಿರಿ.

ಚಿತ್ರದಲ್ಲಿ ಅಡ್ಡಪಟ್ಟೆ ಬಂದರೆ ಅದು ಎಲ್‌ಇಡಿಯ ಮಿನುಗು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಆಗಲೂ ಹೋಗದಿದ್ದರೆ 1/100. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಅದಕ್ಕೇ ಆ ಅಂಕಿ. ಆದರೆ 1/100ರಲ್ಲಿ ಕುಣಿತ ಅಲುಗುತ್ತದೆ; ಅರ್ಥಗಾರಿಕೆ (ಪಾತ್ರಗಳ ಮಾತು) ನಡೆಯುವಾಗ ಮಾತ್ರ ಬಳಸಿ.

ಕುಣಿತಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಚೆಂಡೆಯ ಮುಕ್ತಾಯ (ಕುಣಿತ ಮುಗಿಸುವ ಪೆಟ್ಟು) ಬರುವುದು ಗೊತ್ತಾಗುತ್ತದೆ. ಪೆಟ್ಟು ಬಿದ್ದ ಕ್ಷಣ ಹುಡುಗ ನಿಂತು ಮುಖ ಎತ್ತುತ್ತಾನೆ. ಕಿರೀಟದ ನೆರಳು ಕಣ್ಣಿನಿಂದ ಮೇಲೆ ಸರಿಯುವುದು ಆಗಲೇ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಸ್ವಲ್ಪ ಮೊದಲೇ ಒತ್ತಿ ಹಿಡಿದು ನಾಲ್ಕೈದು ಫ್ರೇಮ್ ಹೊಡೆಯಿರಿ. ಮೇಲೆ ಹಾರಿದಾಗ ತುದಿಯಲ್ಲಿ ದೇಹ ಒಂದು ಗಳಿಗೆ ನಿಂತಂತಾಗುವುದರಿಂದ 1/250 ಸಾಕು. ಗಿರಕಿಗೆ, ಮಂಡಿಗೆ (ಮೊಣಕಾಲೂರಿ ಸುತ್ತುವ ಕುಣಿತಕ್ಕೆ) 1/500 ಬೇಕು.

85 ಎಂಎಂ ಎಫ್/1.8 ಲೆನ್ಸ್ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚೆನ್ನಾಗಿ ಒದಗುತ್ತದೆ. ಎಂಟು ಮೀಟರ್ ದೂರದಿಂದ ಲಂಬವಾಗಿ ಹಿಡಿದರೆ ಸುಮಾರು 3.4 ಮೀಟರ್ ಎತ್ತರ ಸಿಗುತ್ತದೆ, ಕಿರೀಟ ಗೆಜ್ಜೆ ಎರಡೂ ಒಳಗೆ. ಆದರೆ 1.8ರಲ್ಲಿ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಒಂದು ಮೀಟರ್ ಆಳ ಮಾತ್ರ. ಒಡ್ಡೋಲಗದಲ್ಲಿ (ಪಾತ್ರಗಳ ಮೊದಲ ಪ್ರವೇಶದ ಕುಣಿತದಲ್ಲಿ) ಹಿಂದೆ ನಿಂತ ಮಗುವಿನ ಮುಖ ಮಸುಕಾಗಿ, ಅದರ ತಾಯಿ ನಿಮ್ಮನ್ನು ಕ್ಷಮಿಸುವುದಿಲ್ಲ. ಗುಂಪಿಗೆ ಎಫ್/4 ಇಡಿ.

ಮೊದಲ ಸಾಲು ಬೇಡ. ಅಲ್ಲಿಂದ ಪಾದಗಳು ರಂಗದ ಅಂಚಿನ ಹಿಂದೆ ಮರೆಯಾಗುತ್ತವೆ. ನಾಲ್ಕು ಐದನೇ ಸಾಲಿನಲ್ಲಿ, ಮೈಕ್ ಸ್ಟ್ಯಾಂಡ್ ಮುಖಕ್ಕೆ ಅಡ್ಡ ಬರದಂತೆ ಪಕ್ಕಕ್ಕೆ ಕೂರಿ. ಫ್ಲ್ಯಾಶ್ ಬೇಡವೇ ಬೇಡ: ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್ ಬೆಳಗುವುದು ಮುಂದಿನ ಸಾಲಿನವರ ತಲೆಯನ್ನೇ. ಫೋಕಸ್‌ಗೆ ಸಹಾಯ ಮಾಡುವ ಕಿತ್ತಳೆ ದೀಪವನ್ನೂ ಬೀಪ್ ಸದ್ದನ್ನೂ ಆಫ್ ಮಾಡಿ.

ಮೊಬೈಲ್ ಇದ್ದವರು ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರ ಸೇರಿಸುವಷ್ಟರಲ್ಲಿ ಮಗು ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ.

ಎಸಿ ಹಾಲ್‌ನಿಂದ ಸೆಕೆಯ ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಕ್ಯಾಮೆರಾ ಒಯ್ದರೆ, ಮುಂಬಯಿಯ ತೇವಕ್ಕೆ ಲೆನ್ಸ್ ಮಂಜಾಗುತ್ತದೆ. ಬಟ್ಟೆಯಿಂದ ಒರೆಸಿದರೂ ಮತ್ತೆ ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಬಣ್ಣ ಹಚ್ಚುವ ಚಿತ್ರ ಬೇಕಿದ್ದರೆ ಚೌಕಿಗೆ ಮೊದಲೇ ಹೋಗಿ. ಆಗ ಈ ರಗಳೆಯೇ ಇಲ್ಲ.